ಅರ್ಕಾಟಿಯಿಂದ ಟೆಲಿಗ್ರಾಂವರೆಗೆ: ಸುಳ್ಳು ಕೆಲಸ ಕೊಡಿಸುವವರ ಇತಿಹಾಸ

ಭಾಗ 1: ಒಂದು ಮೆಸೇಜ್

ಕಳೆದ ತಿಂಗಳು ನಮ್ಮ ಕ್ಲಾಸಿನ ಒಬ್ಬನಿಗೆ ವಾಟ್ಸಾಪಿನಲ್ಲಿ ಮೆಸೇಜ್ ಬಂತು. ರೆಸ್ಯೂಮೆ ಸೆಲೆಕ್ಟ್ ಆಗಿದೆ, ಬ್ಯಾಂಕಾಕಿನಲ್ಲಿ ಕೆಲಸ, ತಿಂಗಳಿಗೆ ಎಂಬತ್ತು ಸಾವಿರ, ಊಟ ವಸತಿ ಫ್ರೀ, ಇವತ್ತು ಸಂಜೆಯೊಳಗೆ ಕನ್ಫರ್ಮ್ ಮಾಡಿ. ಅವನು ಯಾರಿಗೂ ಹೇಳಲಿಲ್ಲ. ಪಾಸ್‌ಪೋರ್ಟ್ ಫೋಟೋ ಕಳಿಸಿದ. 'ಪ್ರೊಸೆಸಿಂಗ್ ಫೀ' ಅಂತ ಆರು ಸಾವಿರ ಹಾಕಿದ. ಮತ್ತೆ ಹನ್ನೆರಡು ಸಾವಿರ ಕೇಳಿದಾಗ ಅನುಮಾನ ಬಂತು. ನಮಗೆ ಹೇಳಿದ್ದು ಅದಾಗಿ ಮೂರು ವಾರಕ್ಕೆ. ಯಾಕೋ ಇಷ್ಟು ದಿನ ಸುಮ್ನಿದ್ದೆ ಅಂದ್ರೆ, "ನೀವೆಲ್ಲ ನಗ್ತೀರ ಅಂತ" ಅಂದ.

ನಿಮಗೂ ನಗು ಬಂದಿದ್ರೆ ಸ್ವಲ್ಪ ತಡೀರಿ. ಅವನಿಗೆ ಆದದ್ದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಮೋಸ ಅಲ್ಲ. ಇದಕ್ಕೆ ಹೆಚ್ಚು ಕಡಿಮೆ 190 ವರ್ಷದ ಇತಿಹಾಸ ಇದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಗೋದು ಒಂದೋ ಎರಡೋ ಪ್ಯಾರಾ. ಹಾಗಾಗಿ ಈ ಸೀರೀಸ್.

ಭಾಗ 2: ಅರ್ಕಾಟಿ ಅಂದ್ರೆ ಯಾರು?

1834ರ ಆಗಸ್ಟ್ 1ರಂದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಕೊನೆಗೊಂಡಿತು. ಆದರೆ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತಲ್ಲ? ಅದೇ ವರ್ಷ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲ್ಕತ್ತಾದಿಂದ 36 ಕೂಲಿಗಳನ್ನು ಹೊತ್ತು ಮಾರಿಷಸ್ ತಲುಪಿತು. ಅಲ್ಲಿಂದ ಮುಂದೆ ಟ್ರಿನಿಡಾಡ್, ಗಯಾನಾ, ನಟಾಲ್, ಸುರಿನಾಮ್, ಫಿಜಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಐದು ವರ್ಷದ ಕರಾರಿನ ಮೇಲೆ ಹೋದರು. ಅಗ್ರಿಮೆಂಟ್ ಅನ್ನೋ ಪದ ಅವರ ಬಾಯಲ್ಲಿ 'ಗಿರ್ಮಿಟ್' ಆಯ್ತು. ಹಾಗೆ ಹೋದವರು 'ಗಿರ್ಮಿಟಿಯಾ'ಗಳಾದರು.

ಇವರನ್ನು ಹುಡುಕಿ ತರುತ್ತಿದ್ದವನೇ ಅರ್ಕಾಟಿ. ಅವನು ಇರುತ್ತಿದ್ದದ್ದು ಜಾತ್ರೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ತೀರ್ಥಕ್ಷೇತ್ರಗಳಲ್ಲಿ, ಬರ ಬಿದ್ದ ಊರುಗಳಲ್ಲಿ. ಕೆಲಸ ಹುಡುಕಿಕೊಂಡು ಮನೆ ಬಿಟ್ಟವರು, ಜಗಳ ಆಡಿ ಬಂದವರು, ಗಂಡ ಸತ್ತ ಹೆಣ್ಣುಮಕ್ಕಳು ಅವನ ಕಣ್ಣಿಗೆ ಬೇಗ ಬೀಳುತ್ತಿದ್ದರು. ಅವನಿಗೆ ತಲೆಗಿಷ್ಟು ಅಂತ ಕಮಿಷನ್. ಫಿಜಿಗೆ ಹೋಗುವ ಪ್ರತಿ 100 ಗಂಡಸರಿಗೆ 40 ಹೆಂಗಸರು ಇರಲೇಬೇಕು ಅನ್ನೋ ನಿಯಮ ಇತ್ತು. ಹಾಗಾಗಿ ಹೆಂಗಸರನ್ನು ಕರೆತಂದರೆ ಕಮಿಷನ್ ಇನ್ನೂ ಜಾಸ್ತಿ.

ಸುರಿನಾಮ್‌ಗೆ ಕರೆದೊಯ್ಯುವಾಗ 'ಶ್ರೀರಾಮನ ನಾಡು' ಅಂತ ಹೇಳಿ ನಂಬಿಸಿದರು ಅನ್ನೋ ಕಥೆಯನ್ನು ಅಲ್ಲಿನ ಭಾರತೀಯ ಮೂಲದ ಮನೆಗಳಲ್ಲಿ ಇಂದಿಗೂ ಹೇಳ್ತಾರೆ. ದಕ್ಷಿಣದವರೂ ತಪ್ಪಿಸಿಕೊಳ್ಳಲಿಲ್ಲ. 1903ರಿಂದ ಮದ್ರಾಸ್ ಬಂದರಿನಿಂದಲೂ ಫಿಜಿಗೆ ಹಡಗು ಹೊರಟವು.

ಭಾಗ 3: 'ಹೌದು' ಅಂತ ಮಾತ್ರ ಹೇಳು

ಈಗ ಒಬ್ಬ ಹುಡುಗನ ಕಥೆ. ಹೆಸರು ತೋತಾರಾಮ್ ಸನಾಢ್ಯ. ಈಗಿನ ಉತ್ತರ ಪ್ರದೇಶದವನು. 1893ರಲ್ಲಿ ಕೆಲಸ ಹುಡುಕುತ್ತಾ ಅಲಹಾಬಾದಿಗೆ ಬಂದಿದ್ದ. ವಯಸ್ಸು ಹೆಚ್ಚು ಕಡಿಮೆ ನಮ್ಮದೇ. ಅರ್ಕಾಟಿಯೊಬ್ಬ ಸಿಕ್ಕಿ, ನಯವಾಗಿ ಮಾತಾಡಿ, ದಿನಕ್ಕೆ 12 ಆಣೆ ಸಂಬಳದ ಕೆಲಸ ಇದೆ ಅಂದ. ನಂತರ ಡಿಪೋದಲ್ಲಿ ಹೇಳಿಕೊಟ್ಟದ್ದು ಒಂದೇ ಪಾಠ: ಮ್ಯಾಜಿಸ್ಟ್ರೇಟ್ ಸಾಹೇಬರು ಏನು ಕೇಳಿದರೂ 'ಹೌದು' ಅನ್ನು. ಸಾಲಾಗಿ ನಿಲ್ಲಿಸಿದರು, ಎಲ್ಲರೂ 'ಹೌದು' ಅಂದರು, ನೋಂದಣಿ ಮುಗೀತು. ಫಿಜಿ ಎಷ್ಟು ದೂರ, ಕೆಲಸ ಎಂಥದ್ದು ಅನ್ನೋದು ಆಮೇಲೆ ಗೊತ್ತಾಯ್ತು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. 12 ಆಣೆ ಅನ್ನೋದು ಪೂರ್ತಿ ಸುಳ್ಳಲ್ಲ. ಕರಾರಿನಲ್ಲೂ ಅಷ್ಟೇ ಇತ್ತು. ಆದರೆ ಆ ದಿನಕ್ಕೆ ಗೊತ್ತುಮಾಡಿದ ಕೆಲಸ ಪೂರ್ತಿ ಮುಗಿಸಿದರೆ ಮಾತ್ರ ಪೂರ್ತಿ ಕೂಲಿ, ಆ ಕೆಲಸವೋ ಸುಲಭಕ್ಕೆ ಮುಗಿಯುವಂಥದ್ದಲ್ಲ. ಜೊತೆಗೆ ಅಲ್ಲಿ ಕಾಳುಕಡ್ಡಿಯ ಬೆಲೆ ಊರಿನದಕ್ಕಿಂತ ಎಷ್ಟೋ ಹೆಚ್ಚು. ಊರಿಗೆ ವಾಪಸ್ ಬರುವ ಹಡಗಿನ ಟಿಕೆಟ್ ಪುಕ್ಕಟೆ ಸಿಗಬೇಕಾದರೆ ಹತ್ತು ವರ್ಷ ಅಲ್ಲೇ ಇರಬೇಕಿತ್ತು.

ಅರ್ಧ ಸತ್ಯವೇ ಅರ್ಕಾಟಿಯ ಬಂಡವಾಳ. ಪೂರ್ತಿ ಸುಳ್ಳಾಗಿದ್ರೆ ನಾವು ಹಿಡಿದುಬಿಡ್ತೀವಿ. ಇನ್ನೊಂದು ವಿಷಯ: ಅಲ್ಲಿ ಕಾಗದ ಇತ್ತು, ಲೈಸೆನ್ಸ್ ಇತ್ತು, ಸರ್ಕಾರಿ ಅಧಿಕಾರಿಯೂ ಇದ್ದ. ಆದರೆ ಆ ಹುಡುಗ ಅರ್ಕಾಟಿಯನ್ನು ಬಿಟ್ಟು ಬೇರೆ ಯಾರ ಹತ್ತಿರವೂ ವಿಚಾರಿಸುವ ಅವಕಾಶ ಇರಲಿಲ್ಲ. ಬಲೆ ಇದ್ದದ್ದು ಅಲ್ಲೇ.

ಭಾಗ 4: ಇದು ನಿಂತದ್ದು ಹೇಗೆ?

ಯಾರೋ ಬಾಯಿ ಬಿಟ್ಟದ್ದರಿಂದ.

1913ರಲ್ಲಿ ಕುಂತಿ ಎಂಬ ಕೂಲಿ ಹೆಣ್ಣುಮಗಳು ಫಿಜಿಯ ತೋಟದಲ್ಲಿ ಮೇಲ್ವಿಚಾರಕನ ಕೈಯಿಂದ ತಪ್ಪಿಸಿಕೊಳ್ಳಲು ನದಿಗೆ ಹಾರಿದಳು. ಬದುಕಿ ಉಳಿದಳು. ಆಕೆ ಹೇಳಿದ್ದು ಹಿಂದಿಯ 'ಭಾರತ ಮಿತ್ರ' ಪತ್ರಿಕೆಯಲ್ಲಿ ಅಚ್ಚಾಯಿತು. ಮಾರನೇ ವರ್ಷ ತೋತಾರಾಮ್ ಭಾರತಕ್ಕೆ ಮರಳಿ, ಫಿಜಿಯಲ್ಲಿ ಕಳೆದ 21 ವರ್ಷಗಳ ಬಗ್ಗೆ ಪುಸ್ತಕ ತಂದ. ಗೋಖಲೆ 1912ರಲ್ಲೇ ಶಾಸನ ಸಭೆಯಲ್ಲಿ ಈ ಪದ್ಧತಿ ನಿಲ್ಲಿಸಿ ಅಂತ ನಿರ್ಣಯ ಮಂಡಿಸಿದ್ದರು, ಆಗ ಅದು ಬಿದ್ದುಹೋಗಿತ್ತು. 1916ರಲ್ಲಿ ಮದನ ಮೋಹನ ಮಾಳವೀಯರು ಮತ್ತೆ ಮಂಡಿಸಿದಾಗ ಸರ್ಕಾರ ಒಪ್ಪಬೇಕಾಯ್ತು. 1917ರಲ್ಲಿ ನೇಮಕ ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು.

ಓದು ಕಡಿಮೆ ಇದ್ದ ಒಬ್ಬ ಹೆಣ್ಣುಮಗಳು ನಾಚಿಕೆ ಪಕ್ಕಕ್ಕಿಟ್ಟು ನನಗೆ ಹೀಗಾಯ್ತು ಅಂದಳು. ಆ ಮಾತು ಇಡೀ ದೇಶಕ್ಕೆ ಕೇಳಿಸ್ತು.

ಭಾಗ 5: ಅರ್ಕಾಟಿ ವಾಪಸ್ ಬಂದಿದ್ದಾನೆ

2022ರ ಸೆಪ್ಟೆಂಬರ್‌ನಲ್ಲಿ ಭಾರತದ ವಿದೇಶಾಂಗ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು. ಥಾಯ್ಲೆಂಡಿನಲ್ಲಿ 'ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯುಟಿವ್' ಕೆಲಸ ಅಂತ ಸೋಶಿಯಲ್ ಮೀಡಿಯಾದಲ್ಲಿ ಜಾಹೀರಾತು, ಐಟಿ ಗೊತ್ತಿರುವ ಹುಡುಗರೇ ಗುರಿ, ಆಮೇಲೆ ಕಳ್ಳದಾರಿಯಲ್ಲಿ ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕುತ್ತಾರೆ ಅಂತ. ಅಲ್ಲಿ ಕೆಲಸ ಏನು ಗೊತ್ತಾ? ಆನ್‌ಲೈನಿನಲ್ಲಿ ಬೇರೆಯವರಿಗೆ ಮೋಸ ಮಾಡೋದು. ಮೋಸ ಹೋದವನಿಂದಲೇ ಮೋಸ ಮಾಡಿಸೋದು. 2023ರ ವಿಶ್ವಸಂಸ್ಥೆ ವರದಿಯ ಅಂದಾಜಿನಲ್ಲಿ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಹೀಗೆ ಸಿಕ್ಕಿಬಿದ್ದಿರಬಹುದು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಅಲ್ಲಿಂದ 549 ಭಾರತೀಯರನ್ನು ಕರೆತಂದವು.

ದೂರದ ಮಾತು ಅನ್ನಿಸ್ತಾ? ಕಲಬುರಗಿ ಜಿಲ್ಲೆಯ ಹುಡುಗರು ರಷ್ಯಾದಲ್ಲಿ ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ಏಜೆಂಟರ ಮಾತು ನಂಬಿ ಹೋಗಿ, ಉಕ್ರೇನ್ ಯುದ್ಧಭೂಮಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಅದೇ ದೂರದ ಊರು, ಅದೇ ಅರ್ಧ ಸತ್ಯ, ಅದೇ 'ಬೇಗ ಹೌದು ಅನ್ನು'. ಅರ್ಕಾಟಿಗೆ ಈಗ ಜಾತ್ರೆಗೆ ಹೋಗುವ ಕಷ್ಟವೂ ಇಲ್ಲ, ನಮ್ಮ ಜೇಬಿನಲ್ಲೇ ಇದ್ದಾನೆ.

ಭಾಗ 6: ಹಾಗಾದ್ರೆ ಏನು ಮಾಡೋದು? (ಸೇವ್ ಮಾಡ್ಕೊಳ್ಳಿ)

▪️ ಕೆಲಸ ಕೊಡೋನು ಸಂಬಳ ಕೊಡ್ತಾನೆ, ಫೀಸು ಕೇಳಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯಾವ ಹೆಸರಲ್ಲಿ ದುಡ್ಡು ಕೇಳಿದರೂ ಅಲ್ಲೇ ನಿಲ್ಲಿಸಿ.

▪️ ಅವರು ಕೊಟ್ಟ ನಂಬರಿಗೇ ಫೋನ್ ಮಾಡಿ 'ವಿಚಾರಿಸ್ದೆ' ಅನ್ನಬೇಡಿ. ಕಂಪನಿಯ ವೆಬ್‌ಸೈಟ್ ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಮಾಡಿ. ಆಫರ್ ಲೆಟರಿನ ಲೋಗೋ ಯಾರು ಬೇಕಾದರೂ ಅಂಟಿಸಬಹುದು.

▪️ ವಿದೇಶದ ಕೆಲಸ ಅಂದ್ರೆ 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಹೆಸರು ಇದೆಯಾ ಅಂತ ಇಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಅಂಥವರು ಕೂಡ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ, ರಸೀದಿ ಕೊಡಲೇಬೇಕು.

▪️ "ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ" ಅಂದ್ರೆ ಹೋಗಬೇಡಿ.

▪️ "ಇವತ್ತೇ ಹೇಳಿ" ಅಂದವನಿಗೆ "ನಾಳೆ ಹೇಳ್ತೀನಿ" ಅನ್ನಿ. ಆ ಒಂದು ರಾತ್ರಿಯಲ್ಲಿ ಮನೆಯವರಿಗೋ ಫ್ರೆಂಡಿಗೋ ಮೇಷ್ಟ್ರಿಗೋ ತೋರಿಸಿ.

▪️ ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಚಾಟ್ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ತಡ ಆದಷ್ಟೂ ದುಡ್ಡು ಕೈಗೆ ಸಿಗೋದು ಕಷ್ಟ.

ನಮ್ಮ ಫ್ರೆಂಡ್ ವಿಷಯಕ್ಕೆ ಬರ್ತೀನಿ. ಆರು ಸಾವಿರ ವಾಪಸ್ ಬಂದಿಲ್ಲ. ದೂರು ಕೊಟ್ಟಾಯ್ತು. ಕ್ಲಾಸ್ ಗ್ರೂಪಿನಲ್ಲಿ ಅವನೇ ಪೂರ್ತಿ ಕಥೆ ಹಾಕಿದ. ಯಾರೂ ನಗಲಿಲ್ಲ. ಅವತ್ತು ರಾತ್ರಿ ಇನ್ನಿಬ್ಬರು ಅವನಿಗೆ ಪರ್ಸನಲ್ ಆಗಿ ಮೆಸೇಜ್ ಮಾಡಿದರು: ನಮಗೂ ಇದೇ ನಂಬರಿಂದ ಬಂದಿದೆ ಕಣೋ, ನಾಳೆ ದುಡ್ಡು ಹಾಕೋಣ ಅಂತಿದ್ವಿ.

ನಿಮಗೂ ಇಂಥದ್ದು ಆಗಿದ್ರೆ ಹೇಳಿ. ಆಗಿಲ್ಲ ಅಂದ್ರೆ ಕೆಲಸ ಹುಡುಕ್ತಿರೋ ಒಬ್ಬರಿಗೆ ಇದನ್ನು ಕಳಿಸಿ.

#ಇತಿಹಾಸ #ಗಿರ್ಮಿಟಿಯಾ #ಉದ್ಯೋಗವಂಚನೆ #ಕನ್ನಡ