ನಿತ್ಯಪುಷ್ಪದಿಂದ ಬಂದ ಕಟು ಮದ್ದು

ನಿತ್ಯಪುಷ್ಪ, ಕಾಶಿಕಣಗಿಲೆ ಎಂದು ನಮ್ಮಲ್ಲಿ ಕರೆಯುವ ಗಿಡಕ್ಕೆ ಹೆಚ್ಚಿನ ಆರೈಕೆ ಬೇಕಿಲ್ಲ. ಹಿತ್ತಿಲಲ್ಲಿ, ಗುಡಿಯ ಅಂಗಳದಲ್ಲಿ, ಬೇಲಿಯ ಬದಿಯಲ್ಲಿ ಅದು ವರ್ಷವಿಡೀ ನಸುಗೆಂಪು ಇಲ್ಲವೇ ಬಿಳಿ ಹೂ ಬಿಡುತ್ತದೆ. ಇದರ ತವರು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ರಕ್ತದ ಕ್ಯಾನ್ಸರ್ ಎನಿಸಿದ ಲ್ಯುಕೇಮಿಯಾಕ್ಕೆ, ಅದರಲ್ಲೂ ಮಕ್ಕಳಿಗೆ ಬರುವ ತೀವ್ರ ಬಗೆಗೆ, ಕೊಡುವ ವಿಂಕ್ರಿಸ್ಟೀನ್ ಎಂಬ ಚುಚ್ಚುಮದ್ದು ದೊರೆತದ್ದು ಈ ಗಿಡದ ಎಲೆಗಳಿಂದ.

ಈ ಮದ್ದು ಪಡೆಯುವ ರೋಗಿಗೂ ಅವರ ಮನೆಯವರಿಗೂ ಕೆಲವು ಎಚ್ಚರಿಕೆಗಳನ್ನು ಹೇಳಿಕೊಡುತ್ತಾರೆ. ಔಷಧ ರಕ್ತನಾಳಕ್ಕೆ ಮಾತ್ರ ಹೋಗಬೇಕು. ಸೂಜಿ ಚುಚ್ಚಿದ ಜಾಗ ಉರಿದರೆ ಸಹಿಸಿಕೊಂಡು ಸುಮ್ಮನಿರಬಾರದು. ಕೈಕಾಲು ಜೋಮು ಹಿಡಿದರೆ, ಮಲಬದ್ಧತೆಯಾದರೆ, ಜ್ವರ ಬಂದರೆ ಕೂಡಲೇ ತಿಳಿಸಬೇಕು. ಬರಿಯ ನಿಯಮಗಳಂತೆ ಕೇಳಿಸುವ ಈ ಮಾತುಗಳ ಹಿಂದೆ 60 ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಸ್ವಾರಸ್ಯವೆಂದರೆ, ಶೋಧ ಆರಂಭವಾದದ್ದು ಸಕ್ಕರೆ ಕಾಯಿಲೆಗೆ ಮದ್ದು ಹುಡುಕುವಾಗ. ಜಮೈಕಾ ದ್ವೀಪದ ಜನ ಆ ಕಾಯಿಲೆಗೆ ಈ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಒಂದಿಷ್ಟು ಎಲೆಗಳು ಬಂದವು. ಅವರು ಅವನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ರಾಬರ್ಟ್ ನೋಬಲ್‌ಗೆ ಒಪ್ಪಿಸಿದರು. ಕಷಾಯದಿಂದ ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಸಾರವನ್ನು ಚುಚ್ಚಿ ನೋಡಿದಾಗ ಇಲಿಗಳು ಸೋಂಕು ತಗಲಿ ಸತ್ತವು. ಪರೀಕ್ಷಿಸಿದರೆ, ಸೋಂಕನ್ನು ಎದುರಿಸಬೇಕಾದ ಬಿಳಿ ರಕ್ತಕಣಗಳೇ ಕುಸಿದಿದ್ದವು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ಲ್ಯುಕೇಮಿಯಾಕ್ಕೆ ಇದು ಪ್ರಯೋಜನಕ್ಕೆ ಬರಬಹುದೆಂದು ರಾಬರ್ಟ್ ಊಹಿಸಿದರು. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಜೊತೆ ಸೇರಿ ಎಲೆಯಿಂದ ಬೇರ್ಪಡಿಸಿದ ವಸ್ತುವೇ ವಿನ್‌ಬ್ಲಾಸ್ಟೀನ್. 1958ರಲ್ಲಿ ಅದರ ವಿವರ ಪ್ರಕಟವಾಯಿತು.

ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡಾ ಮತ್ತು ಇರ್ವಿಂಗ್ ಜಾನ್ಸನ್ ಇದೇ ಗಿಡವನ್ನು ಪರೀಕ್ಷಿಸುತ್ತಿದ್ದರು. ಲ್ಯುಕೇಮಿಯಾ ಇದ್ದ ಇಲಿಗಳ ಆಯಸ್ಸು ಇದರ ಸಾರದಿಂದ ಹೆಚ್ಚಿದ್ದನ್ನು ಅವರು ಕಂಡರು. ಅಲ್ಲಿ ದೊರೆತ ವಿಂಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕ ಸರಕಾರ ಅನುಮತಿ ನೀಡಿತು. ಎಲೆಯಲ್ಲಿ ಇದರ ಪ್ರಮಾಣ ಎಷ್ಟು ಕಡಿಮೆಯೆಂದರೆ, ಒಂದು ಗ್ರಾಂ ಪಡೆಯಲು ನೂರಾರು ಕಿಲೋ ಒಣ ಎಲೆ ಬೇಕು. ರೋಗಿಗೆ ಒಂದು ಸಲಕ್ಕೆ ಕೊಡುವುದು ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ.

ಅಷ್ಟು ಅಲ್ಪ ಪ್ರಮಾಣ ಮಾಡುವ ಕೆಲಸವೇನು? ಜೀವಕೋಶ ಎರಡಾಗಿ ಒಡೆಯುವಾಗ ಅದರೊಳಗೆ ಸೂಕ್ಷ್ಮ ನಳಿಗೆಗಳ ಒಂದು ಚೌಕಟ್ಟು ಏಳುತ್ತದೆ. ವಿಂಕ್ರಿಸ್ಟೀನ್ ಆ ಚೌಕಟ್ಟು ಕಟ್ಟದಂತೆ ತಡೆಯುತ್ತದೆ. ಕೋಶ ವಿಭಜನೆಯ ನಡುವೆ ಸಿಕ್ಕಿಬಿದ್ದು ಸಾಯುತ್ತದೆ. ಆದರೆ ಇಂಥವೇ ನಳಿಗೆಗಳು ನರಗಳಲ್ಲಿ ಉದ್ದಕ್ಕೂ ಹರಡಿದ್ದು, ಸರಕು ಸಾಗಿಸುವ ಹಳಿಗಳಂತೆ ದುಡಿಯುತ್ತವೆ. ಬೆರಳು ಜೋಮು ಹಿಡಿಯುವುದು, ಪಾದ ಎತ್ತಲು ಕಷ್ಟವಾಗುವುದು, ದವಡೆ ನೋಯುವುದು, ಕರುಳು ಮಂದವಾಗಿ ಮಲ ಕಟ್ಟುವುದು ಇವೆಲ್ಲಕ್ಕೂ ಮೂಲ ಇದೇ. ಮಗುವಿನ ನಡಿಗೆ ಬದಲಾದುದನ್ನು ಮೊದಲು ಗಮನಿಸುವವರು ಮನೆಯವರೇ ಆದ್ದರಿಂದ ವೈದ್ಯರು ಅವರ ಮಾತಿಗೆ ಕಾಯುತ್ತಾರೆ. ಶಿಲೀಂಧ್ರ ಸೋಂಕಿಗೆ ಕೊಡುವ ಕೆಲವು ಔಷಧಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ. ಬೇರೇನು ಸೇವಿಸುತ್ತಿದ್ದೀರಿ ಎಂದು ಅವರು ಕೇಳುವುದು ಅದಕ್ಕಾಗಿಯೇ.

ಒಂದೇ ಮದ್ದಿನಿಂದ ರೋಗ ಗುಣವಾಗಲಿಲ್ಲ. 1962ರ ಸುಮಾರಿಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಖ್ ವಿಂಕ್ರಿಸ್ಟೀನನ್ನು ಇನ್ನೂ ಮೂರು ಔಷಧಗಳೊಂದಿಗೆ ಕೂಡಿಸಿದರು. ಅದು ಮೂಳೆಮಜ್ಜೆಯನ್ನು ಹೆಚ್ಚು ಬಾಧಿಸದಿದ್ದುದರಿಂದ ಈ ಜೋಡಣೆ ಸಾಧ್ಯವಾಯಿತು. ಜೊತೆಗಿರುವ ಔಷಧಗಳು ಬಿಳಿ ಕಣಗಳನ್ನು ಇಳಿಸುತ್ತವೆ, ಜ್ವರವನ್ನು ಕಡೆಗಣಿಸಬಾರದೆಂಬ ಮಾತು ಹುಟ್ಟಿದ್ದು ಹೀಗೆ. ಹಿಂದೆ ಕೆಲವೇ ತಿಂಗಳಲ್ಲಿ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ಈ ರೋಗದಿಂದ ಇಂದು ಉತ್ತಮ ಸೌಲಭ್ಯವಿರುವ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ.

ಆದರೆ ಮದ್ದು ದಾರಿ ತಪ್ಪಬಾರದು. ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಚರ್ಮಗಳು ಸುಟ್ಟಂತಾಗುತ್ತವೆ. ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಬಹುಪಾಲು ಸಾವೇ ಗತಿ. ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಬೇರೊಂದು ಔಷಧವನ್ನು ಬೆನ್ನಿಗೆ ಚುಚ್ಚುವ ಕ್ರಮ ಇರುವುದರಿಂದ ಸಿರಿಂಜುಗಳು ಅದಲುಬದಲಾದ ದುರಂತಗಳು ಹಲವು ದೇಶಗಳಲ್ಲಿ ನಡೆದಿವೆ. 2001ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 18 ವರ್ಷದ ಯುವಕನೊಬ್ಬ ಹೀಗೆ ಪ್ರಾಣ ಕಳೆದುಕೊಂಡ. ಅಲ್ಲಿ ವಿಚಾರಣೆ ನಡೆದು ನಿಯಮಗಳು ಬಿಗಿಯಾದವು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ವಿಂಕ್ರಿಸ್ಟೀನನ್ನು ಸಿರಿಂಜಿನಲ್ಲಿ ಇಡದೆ ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕೊಡಬೇಕೆಂದು ಸಲಹೆ ಮಾಡಿತು. ಚೀಲವನ್ನು ಯಾರೂ ಬೆನ್ನಿನ ಸೂಜಿಗೆ ಜೋಡಿಸಲು ಹೋಗುವುದಿಲ್ಲ ಎಂಬ ಸರಳ ತರ್ಕ ಇದರ ಹಿಂದಿದೆ.

ಹೂವಿನ ಗಿಡದ್ದೇ ಔಷಧ ಎಂದು ತಿಳಿದವರಿಗೆ ಹಿತ್ತಿಲ ಎಲೆಯನ್ನೇ ಅರೆದು ಕುಡಿಸಬಾರದೇಕೆ ಎನ್ನಿಸುವುದು ಸಹಜ. ಎಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಷಾರ ವಸ್ತುಗಳಿವೆ. ಯಾವುದು ಎಷ್ಟು ಹೊಟ್ಟೆ ಸೇರಿತೆಂದು ಅಳೆಯುವ ಉಪಾಯ ಮನೆಯಲ್ಲಿಲ್ಲ. ಗುಣ ಕಾಣದೆ ವಿಷವಷ್ಟೇ ಏರಬಹುದು. ಇದೇ ಎಲೆಯನ್ನು ಮದ್ದಾಗಿಸಿದ್ದು ಅಳತೆ ಮತ್ತು ದಾರಿ, ಇವೆರಡೇ. ಆದ್ದರಿಂದ ಈ ಚೀಲದಲ್ಲಿರುವುದು ಯಾವ ಔಷಧ, ಎಲ್ಲಿಗೆ ಕೊಡುತ್ತೀರಿ ಎಂದು ರೋಗಿಯ ಕಡೆಯವರು ಕೇಳಿದರೆ ಅದು ಅಧಿಕಪ್ರಸಂಗವಾಗದು.