ಜಾವಾ–ಯೆಜ್ಡಿ ಮೋಟಾರ್‌ಸೈಕಲ್‌ಗಳ ಚಾರ್ಜಿಂಗ್ ವ್ಯವಸ್ಥೆಯ ಉನ್ನತೀಕರಣ

ಜಾವಾ–ಯೆಜ್ಡಿ ಮೋಟಾರ್‌ಸೈಕಲ್‌ಗಳ ಚಾರ್ಜಿಂಗ್ ವ್ಯವಸ್ಥೆಯ ಉನ್ನತೀಕರಣ ಎಂದರೆ, ಮೈಸೂರಿನಲ್ಲಿ ತಯಾರಾದ ಈ ಹಳೆಯ ವಾಹನಗಳ 6 ವೋಲ್ಟ್ ಡೈನಮೊ ಆಧಾರಿತ ವಿದ್ಯುತ್ ವ್ಯವಸ್ಥೆಯನ್ನು ಸುಧಾರಿಸುವ ಅಥವಾ ಅದರ ಬದಲಿಗೆ 12 ವೋಲ್ಟ್ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯ. ರಾತ್ರಿಯ ಪ್ರಯಾಣಕ್ಕೆ ಸಾಕಷ್ಟು ಬೆಳಕು, ಬ್ಯಾಟರಿಯ ದೀರ್ಘ ಬಾಳಿಕೆ ಮತ್ತು ನಂಬಿಕೆಗೆ ಅರ್ಹವಾದ ಕಿಡಿ ಇದರ ಮುಖ್ಯ ಉದ್ದೇಶಗಳು. ಕೇವಲ ದೊಡ್ಡ ಬ್ಯಾಟರಿಯನ್ನೋ ಪ್ರಖರವಾದ ಬಲ್ಬನ್ನೋ ಹಾಕುವುದರಿಂದ ಈ ಉದ್ದೇಶ ಈಡೇರುವುದಿಲ್ಲ. ಉತ್ಪಾದನೆ, ನಿಯಂತ್ರಣ, ಸಂಗ್ರಹ ಮತ್ತು ಬಳಕೆ ಎಂಬ ನಾಲ್ಕು ಅಂಗಗಳು ಒಂದಕ್ಕೊಂದು ಹೊಂದಿಕೊಂಡಾಗ ಮಾತ್ರ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತದೆ.

ಹಿನ್ನೆಲೆ

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಕಂಪನಿ. 1929ರಲ್ಲಿ ಆರಂಭವಾದ ಈ ಸಂಸ್ಥೆಯ ಹೆಸರು ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳಿಂದ ಬಂದಿದೆ. ಇದರ ಪರವಾನಗಿ ಪಡೆದು ರುಸ್ತಂ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯಲ್ಲಿದ್ದ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾಯಿತು. 1973ರಿಂದ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. 1978ರಲ್ಲಿ ರೋಡ್‌ಕಿಂಗ್ ಮಾದರಿ ಬಿಡುಗಡೆಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ತಯಾರಿಕೆ ನಿಂತು ದಶಕಗಳು ಕಳೆದಿದ್ದರೂ ಕರ್ನಾಟಕದಲ್ಲಿ ಈ ವಾಹನಗಳನ್ನು ಉಳಿಸಿಕೊಂಡವರು ಅನೇಕರಿದ್ದಾರೆ. ಹಳೆಯ ಜಾವಾ 250ರ ಡೈನಮೊ 6 ವೋಲ್ಟ್, 45 ವಾಟ್ ಸಾಮರ್ಥ್ಯದ್ದು. ನಂತರದ ಕೆಲವು ರೋಡ್‌ಕಿಂಗ್ ವಾಹನಗಳಲ್ಲಿ ಸಿ.ಡಿ.ಐ. ಇಗ್ನಿಷನ್ ಬಂದಿತು. ಆದ್ದರಿಂದ ಯಾವುದೇ ಬದಲಾವಣೆಗೆ ಮುನ್ನ ವಾಹನ ಯಾವ ಮಾದರಿಯದು, ಅದರಲ್ಲಿ ಈಗ ಯಾವ ವ್ಯವಸ್ಥೆ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಮೂಲ ವ್ಯವಸ್ಥೆಯ ಕಾರ್ಯವಿಧಾನ

ಜಾವಾ 250ರಲ್ಲಿ ಡೈನಮೊ ಇಂಜಿನ್ನಿನ ಬಲಭಾಗದ ಮುಚ್ಚಳದ ಒಳಗೆ ಇರುತ್ತದೆ. ಅದರ ಆರ್ಮೇಚರ್ ನೇರವಾಗಿ ಕ್ರ್ಯಾಂಕ್ ಶಾಫ್ಟಿನ ತುದಿಗೆ ಜೋಡಣೆಯಾಗಿದ್ದು, ಇಂಜಿನ್ ತಿರುಗಿದಂತೆ ತಿರುಗುತ್ತದೆ. ಸುತ್ತಲಿನ ಫೀಲ್ಡ್ ಸುರುಳಿಗಳು ಕಾಂತಕ್ಷೇತ್ರವನ್ನು ಒದಗಿಸುತ್ತವೆ. ಆರ್ಮೇಚರ್‌ನಲ್ಲಿ ಹುಟ್ಟಿದ ವಿದ್ಯುತ್ತನ್ನು ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್‌ಗಳು ಏಕಮುಖ ಪ್ರವಾಹವಾಗಿ ಹೊರಗೆ ತರುತ್ತವೆ. ಕಿಡಿಯ ಸಮಯವನ್ನು ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟ್ ಕೂಡ ಇದೇ ಮುಚ್ಚಳದ ಒಳಗಿದೆ.

ರೆಗ್ಯುಲೇಟರ್‌ಗೆ ಎರಡು ಕೆಲಸಗಳಿವೆ. ಒಂದು, ಫೀಲ್ಡ್ ಸುರುಳಿಯ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಿ ವೋಲ್ಟೇಜ್ ಮಿತಿಮೀರದಂತೆ ನೋಡಿಕೊಳ್ಳುವುದು. ಎರಡು, ಇಂಜಿನ್ ನಿಂತಾಗ ಅಥವಾ ನಿಧಾನವಾಗಿ ತಿರುಗುವಾಗ ಬ್ಯಾಟರಿಯ ವಿದ್ಯುತ್ ಡೈನಮೊದೊಳಗೆ ಹಿಂದಕ್ಕೆ ಹರಿಯದಂತೆ ಸಂಪರ್ಕ ಕಡಿಯುವುದು. ಈ ಎರಡನೆಯ ಭಾಗಕ್ಕೆ ಕಟ್‌ಔಟ್ ಎಂಬ ಹೆಸರಿದೆ. ಡೈನಮೊದ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜನ್ನು ಮೀರಿದಾಗ ಕಟ್‌ಔಟ್ ಮುಚ್ಚಿಕೊಳ್ಳುತ್ತದೆ. ಆಗ ಚಾರ್ಜಿಂಗ್ ಸೂಚಕ ಕೆಂಪು ದೀಪ ಆರುತ್ತದೆ.

ಈ ಮಾದರಿಯಲ್ಲಿ ಇಗ್ನಿಷನ್ ಕಾಯಿಲ್‌ಗೂ ಬ್ಯಾಟರಿಯಿಂದಲೇ ವಿದ್ಯುತ್ ಹೋಗುತ್ತದೆ. ಹಾಗಾಗಿ ಚಾರ್ಜಿಂಗ್ ಕೆಟ್ಟರೆ ಮೊದಲು ದೀಪ ಮಂಕಾಗುತ್ತದೆ, ನಂತರ ಕಿಡಿ ದುರ್ಬಲವಾಗುತ್ತದೆ, ಕೊನೆಗೆ ಇಂಜಿನ್ನೇ ನಿಲ್ಲುತ್ತದೆ. ಬೀದಿದೀಪವಿಲ್ಲದ ರಸ್ತೆಯಲ್ಲಿ ಬೆಳಕು ಮತ್ತು ಇಂಜಿನ್ ಎರಡನ್ನೂ ಸವಾರ ಒಟ್ಟಿಗೆ ಕಳೆದುಕೊಳ್ಳುವ ಅಪಾಯವೇ ಉನ್ನತೀಕರಣಕ್ಕೆ ಬಲವಾದ ಕಾರಣವಾಗಿದೆ.

6 ವೋಲ್ಟ್ ವ್ಯವಸ್ಥೆಯ ಮಿತಿಗಳು

ವಿದ್ಯುತ್ ಸಾಮರ್ಥ್ಯವು ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ. 45 ವಾಟ್ ಡೈನಮೊ 6 ವೋಲ್ಟ್‌ನಲ್ಲಿ ಹೆಚ್ಚೆಂದರೆ 7.5 ಆಂಪಿಯರ್ ಕೊಡಬಲ್ಲದು. 35 ವಾಟ್ ಹೆಡ್‌ಲೈಟ್ ಬಲ್ಬು ಮತ್ತು 5 ವಾಟ್ ಹಿಂದೀಪ ಸೇರಿದರೆ 40 ವಾಟ್ ಆಗುತ್ತದೆ. ಉಳಿಯುವ 5 ವಾಟ್ ಇಗ್ನಿಷನ್ ಕಾಯಿಲ್‌ಗೇ ಸಾಲದು. ಬ್ರೇಕ್ ದೀಪ ಮತ್ತು ಹಾರ್ನ್ ಬಳಸಿದಾಗ ಕೊರತೆ ಇನ್ನೂ ಹೆಚ್ಚುತ್ತದೆ. ಈ ಕೊರತೆಯನ್ನು ಬ್ಯಾಟರಿ ತುಂಬುತ್ತದೆ. ರಾತ್ರಿ ಹೆಚ್ಚು ಓಡುವ ವಾಹನದ ಬ್ಯಾಟರಿ ಬೇಗ ಬರಿದಾಗುವುದು ಇದೇ ಕಾರಣಕ್ಕೆ.

ವೈರಿಂಗ್‌ನ ತಡೆಯೂ ಮುಖ್ಯವಾದುದು. 40 ವಾಟ್ ಬಳಕೆಗೆ 6 ವೋಲ್ಟ್‌ನಲ್ಲಿ ಸುಮಾರು 6.7 ಆಂಪಿಯರ್ ಹರಿಯಬೇಕು. 12 ವೋಲ್ಟ್‌ನಲ್ಲಿ 3.3 ಆಂಪಿಯರ್ ಸಾಕು. ಹಳೆಯ ಸ್ವಿಚ್ಚು ಮತ್ತು ತುಕ್ಕು ಹಿಡಿದ ಜೋಡಣೆಗಳಿಂದ ಕೇವಲ 0.1 ಓಮ್ ತಡೆ ಉಂಟಾದರೂ 6 ವೋಲ್ಟ್ ವ್ಯವಸ್ಥೆಯಲ್ಲಿ ಸುಮಾರು ಶೇ. 11ರಷ್ಟು ವೋಲ್ಟೇಜ್ ನಷ್ಟವಾಗುತ್ತದೆ. ಅದೇ ತಡೆಯಿಂದ 12 ವೋಲ್ಟ್‌ನಲ್ಲಿ ಆಗುವ ನಷ್ಟ ಶೇ. 3ಕ್ಕಿಂತ ಕಡಿಮೆ. ತಂತಿ ಬಲ್ಬಿನಲ್ಲಿ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಅನೇಕ ವೇಳೆ ಡೈನಮೊದ ದೋಷವೆಂದು ಭಾವಿಸಲಾಗುವ ಮಂಕು ಬೆಳಕಿಗೆ ನಿಜವಾದ ಕಾರಣ ಕೆಟ್ಟ ಅರ್ತ್ ಜೋಡಣೆಯಾಗಿರುತ್ತದೆ.

ಉನ್ನತೀಕರಣದ ವಿಧಾನಗಳು

ಮೂಲ ವ್ಯವಸ್ಥೆಯ ದುರಸ್ತಿ: ಇದು ಮೊದಲ ಹಂತ. ಕಮ್ಯುಟೇಟರ್ ಶುಚಿಗೊಳಿಸುವುದು, ಸವೆದ ಬ್ರಷ್ ಬದಲಾಯಿಸುವುದು, ಹಳೆಯ ತಂತಿಗಳನ್ನು ತೆಗೆದು ಹೊಸ ವೈರಿಂಗ್ ಹಾಕುವುದು, ಬಣ್ಣ ಅಥವಾ ತುಕ್ಕಿನ ಮೇಲೆ ಕೂತ ಅರ್ತ್ ಜೋಡಣೆಗಳನ್ನು ಕೆರೆದು ಲೋಹಕ್ಕೆ ಲೋಹ ತಾಗುವಂತೆ ಮಾಡುವುದು ಇದರಲ್ಲಿ ಸೇರುತ್ತವೆ. ಬಹುಕಾಲ ನಿಂತ ವಾಹನದ ಡೈನಮೊ ತನ್ನ ಉಳಿಕೆ ಕಾಂತತೆಯನ್ನು ಕಳೆದುಕೊಂಡಿದ್ದರೆ, ಬ್ಯಾಟರಿಯಿಂದ ಫೀಲ್ಡ್ ಸುರುಳಿಗೆ ಕ್ಷಣಕಾಲ ವಿದ್ಯುತ್ ಹಾಯಿಸಿ ಅದನ್ನು ಮರಳಿ ಪಡೆಯಲಾಗುತ್ತದೆ.

ಎಲೆಕ್ಟ್ರಾನಿಕ್ ರೆಗ್ಯುಲೇಟರ್: ಡೈನಮೊವನ್ನು ಹಾಗೆಯೇ ಉಳಿಸಿಕೊಂಡು, ಕಂಪಿಸುವ ಸಂಪರ್ಕಗಳುಳ್ಳ ಹಳೆಯ ರೆಗ್ಯುಲೇಟರ್ ಬದಲು ಚಲಿಸುವ ಭಾಗಗಳಿಲ್ಲದ ರೆಗ್ಯುಲೇಟರ್ ಹಾಕಲಾಗುತ್ತದೆ. ವೋಲ್ಟೇಜ್ ಸ್ಥಿರವಾಗುತ್ತದೆ, ಆದರೆ ಡೈನಮೊದ ಸಾಮರ್ಥ್ಯ ಹೆಚ್ಚುವುದಿಲ್ಲ. ಹಳೆಯ ವಾಹನಗಳಲ್ಲಿ ಕೆಲವಕ್ಕೆ ಬ್ಯಾಟರಿಯ ಧನ ತುದಿ, ಕೆಲವಕ್ಕೆ ಋಣ ತುದಿ ಅರ್ತ್ ಆಗಿರುವುದರಿಂದ ಅದನ್ನು ಮೊದಲೇ ಪರೀಕ್ಷಿಸಬೇಕು. ತಪ್ಪಾಗಿ ಜೋಡಿಸಿದರೆ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುತ್ತವೆ.

ಡೈನಮೊವನ್ನೇ 12 ವೋಲ್ಟ್‌ನಲ್ಲಿ ನಡೆಸುವುದು: ಡೈನಮೊದ ವೋಲ್ಟೇಜ್ ವೇಗದೊಂದಿಗೆ ಏರುವುದರಿಂದ, 12 ವೋಲ್ಟ್ ರೆಗ್ಯುಲೇಟರ್ ಬಳಸಿ ಅದರಿಂದ ಹೆಚ್ಚಿನ ವೋಲ್ಟೇಜ್ ಪಡೆಯಲು ಸಾಧ್ಯ. ಹಳೆಯ ಬ್ರಿಟಿಷ್ ವಾಹನಗಳಲ್ಲಿಯೂ ಈ ಕ್ರಮ ರೂಢಿಯಲ್ಲಿದೆ. ಆದರೆ ಚಾರ್ಜಿಂಗ್ ಆರಂಭವಾಗಲು ಇಂಜಿನ್ ಮೊದಲಿಗಿಂತ ವೇಗವಾಗಿ ತಿರುಗಬೇಕಾಗುತ್ತದೆ. ಪಟ್ಟಣದೊಳಗೆ ನಿಧಾನವಾಗಿ ಓಡುವ ವಾಹನಕ್ಕೆ ಇದು ಸೂಕ್ತವಲ್ಲ.

ಶಾಶ್ವತ ಕಾಂತದ ಆಲ್ಟರ್ನೇಟರ್: ಇದು ಸಂಪೂರ್ಣ ಪರಿವರ್ತನೆ. ಆರ್ಮೇಚರ್ ಜಾಗದಲ್ಲಿ ಕಾಂತಗಳುಳ್ಳ ರೋಟರ್, ಫೀಲ್ಡ್ ಸುರುಳಿಗಳ ಜಾಗದಲ್ಲಿ ಹೊಸ ಸ್ಟೇಟರ್ ಬರುತ್ತವೆ. ಬ್ರಷ್ ಮತ್ತು ಕಮ್ಯುಟೇಟರ್ ಇರುವುದಿಲ್ಲ. ಚೆಕ್ ದೇಶದ ವೇಪ್ ಕಂಪನಿ ಜಾವಾ ವಾಹನಗಳಿಗಾಗಿ ಇಂಥ ಕಿಟ್‌ಗಳನ್ನು ತಯಾರಿಸುತ್ತದೆ. ಇವುಗಳಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡ ಸೇರಿದ್ದು, ಬ್ಯಾಟರಿ ಖಾಲಿಯಾದರೂ ಇಂಜಿನ್ ಓಡಬಲ್ಲದು. ಆಲ್ಟರ್ನೇಟರ್ ಕೊಡುವ ಪರ್ಯಾಯ ಪ್ರವಾಹವನ್ನು ರೆಕ್ಟಿಫೈಯರ್ ಏಕಮುಖಗೊಳಿಸುತ್ತದೆ. ಡೈನಮೊದ ರೆಗ್ಯುಲೇಟರ್ ಉತ್ಪಾದನೆಯನ್ನೇ ತಗ್ಗಿಸಬಲ್ಲದು; ಶಾಶ್ವತ ಕಾಂತವನ್ನು ಹಾಗೆ ತಗ್ಗಿಸಲಾಗದು. ಆದ್ದರಿಂದ ತುಂಬಿದ ಕೆರೆ ಕೋಡಿ ಹರಿಯುವಂತೆ, ಈ ಬಗೆಯ ಸಾಮಾನ್ಯ ರೆಗ್ಯುಲೇಟರ್ ಹೆಚ್ಚುವರಿ ವಿದ್ಯುತ್ತನ್ನು ಬ್ಯಾಟರಿಗೆ ಬಿಡದೆ ಬೇರೆ ದಾರಿಯಲ್ಲಿ ಹರಿಸುತ್ತದೆ. ಆಗ ಅದು ಬಿಸಿಯಾಗುವುದರಿಂದ ಗಾಳಿ ತಾಗುವ ಸ್ಥಳದಲ್ಲಿ ಅಳವಡಿಸಬೇಕು.

12 ವೋಲ್ಟ್‌ಗೆ ಬದಲಾದಾಗ ಬ್ಯಾಟರಿ, ಎಲ್ಲ ಬಲ್ಬುಗಳು, ಹಾರ್ನ್ ಮತ್ತು ಇಗ್ನಿಷನ್ ಕಾಯಿಲ್ ಅದಕ್ಕೆ ಹೊಂದುವಂತಿರಬೇಕು. 6 ವೋಲ್ಟ್ ಬಲ್ಬು ಒಂದನ್ನು ಮರೆತರೂ ಅದು ಕೂಡಲೇ ಸುಟ್ಟುಹೋಗುತ್ತದೆ.

ಎಲ್.ಇ.ಡಿ. ದೀಪಗಳು: ಉತ್ಪಾದನೆ ಹೆಚ್ಚಿಸುವ ಬದಲು ಬಳಕೆ ತಗ್ಗಿಸುವ ಮಾರ್ಗವಿದು. ಹಿಂದೀಪ ಮತ್ತು ಬ್ರೇಕ್ ದೀಪಗಳಿಗೆ ಇದು ಸುಲಭ. ಹೆಡ್‌ಲೈಟ್‌ನಲ್ಲಿ ಹಳೆಯ ಪ್ರತಿಫಲಕಕ್ಕೆ ಹೊಂದದ ಬಲ್ಬು ಹಾಕಿದರೆ ಬೆಳಕು ಚದುರಿ, ರಸ್ತೆ ಕಾಣುವುದಕ್ಕಿಂತ ಹೆಚ್ಚಾಗಿ ಎದುರಿನ ಸವಾರನ ಕಣ್ಣು ಕೋರೈಸುತ್ತದೆ.

ಪರೀಕ್ಷೆ ಮತ್ತು ನಿರ್ವಹಣೆ

ಸಾಧಾರಣ ವೋಲ್ಟ್‌ಮೀಟರ್‌ನಿಂದಲೇ ವ್ಯವಸ್ಥೆಯ ಸ್ಥಿತಿಯನ್ನು ತಿಳಿಯಬಹುದು. ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜ್ ಆದ ಸೀಸ–ಆಮ್ಲ ಬ್ಯಾಟರಿಯ ತುದಿಗಳ ನಡುವೆ ಸುಮಾರು 6.3 ಅಥವಾ 12.6 ವೋಲ್ಟ್ ಇರುತ್ತದೆ. ಇಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಅದು ಸುಮಾರು 7.0–7.2 ಅಥವಾ 14.0–14.4 ವೋಲ್ಟ್‌ಗೆ ಏರಬೇಕು. ಹೆಡ್‌ಲೈಟ್ ಹಾಕಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಆಗ ವಿಶ್ರಾಂತಿಯ ಮಟ್ಟಕ್ಕಿಂತ ಕೆಳಗೆ ಇಳಿದರೆ ಬಳಕೆ ಉತ್ಪಾದನೆಯನ್ನು ಮೀರಿದೆ ಎಂದರ್ಥ. ವೇಗದೊಂದಿಗೆ ವೋಲ್ಟೇಜ್ ಮಿತಿಯಿಲ್ಲದೆ ಏರುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿರುತ್ತದೆ ಅಥವಾ ಅದರ ಅರ್ತ್ ಸಡಿಲವಾಗಿರುತ್ತದೆ. ಬ್ಯಾಟರಿಯ ಸಮೀಪದಲ್ಲಿ ಫ್ಯೂಸ್ ಇರುವುದು ಕಡ್ಡಾಯವೆಂದೇ ಭಾವಿಸಬೇಕು. ತಂತಿ ಶಾರ್ಟ್ ಆದಾಗ ಬೆಂಕಿ ಹೊತ್ತದಂತೆ ಅದು ಕಾಪಾಡುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಸಂದರ್ಭ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆ ರೇಷ್ಮೆ ಮತ್ತು ತರಕಾರಿ ಬೆಳೆಗಳಿಗೆ ಹೆಸರಾಗಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇದೆ. ಚಿಂತಾಮಣಿ ಟೊಮೆಟೊ ವ್ಯಾಪಾರದ ಕೇಂದ್ರಗಳಲ್ಲಿ ಒಂದು. ಬೆಳಕು ಹರಿಯುವ ಮುನ್ನ ಹಳ್ಳಿಯಿಂದ ಹೊರಡುವ ಸವಾರನಿಗೆ ಹೆಡ್‌ಲೈಟ್ ಅಲಂಕಾರವಲ್ಲ. ಇಂಥ ಓಡಾಟದ ಸ್ವರೂಪವೇ ಯಾವ ವಿಧಾನ ಸೂಕ್ತ ಎಂಬುದನ್ನು ನಿರ್ಧರಿಸುತ್ತದೆ.

ಚಿಕ್ಕಬಳ್ಳಾಪುರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹಗಲು ಒಂದೇ ವೇಗದಲ್ಲಿ ಓಡುವ ವಾಹನಕ್ಕೆ ದುರಸ್ತಿಗೊಂಡ ಮೂಲ ಡೈನಮೊ ಸಾಕಾಗುತ್ತದೆ. ಗೌರಿಬಿದನೂರು ಅಥವಾ ಚಿಂತಾಮಣಿಯ ಪೇಟೆಬೀದಿಗಳಲ್ಲಿ ನಿಂತು ನಿಂತು ಸಾಗುವ, ರಾತ್ರಿ ದೀಪ ಹಾಕಿ ಓಡುವ ವಾಹನಕ್ಕೆ ಕಡಿಮೆ ವೇಗದಲ್ಲಿಯೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೆಚ್ಚು ಉಪಯುಕ್ತ. ಬಯಲುಸೀಮೆಯ ಬೇಸಿಗೆಯಲ್ಲಿ ಬ್ಯಾಟರಿಯ ನೀರು ಬೇಗ ಆರುವುದರಿಂದ, ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕಾಗುತ್ತದೆ.

ಕಾನೂನು ಮತ್ತು ಪರಂಪರೆ

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಚಾರ್ಜಿಂಗ್ ವ್ಯವಸ್ಥೆಯ ಪರಿವರ್ತನೆಯಲ್ಲಿ ಇಂಜಿನ್ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆ ಬದಲಾಗುವುದಿಲ್ಲ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಓಡುವಾಗಲೆಲ್ಲ ಹೆಡ್‌ಲೈಟ್ ಉರಿಯುವುದು ಕಡ್ಡಾಯವಾಗಿದೆ. ಹಳೆಯ 6 ವೋಲ್ಟ್ ಡೈನಮೊ ಇಂಥ ನಿರಂತರ ಬಳಕೆಯನ್ನು ಉದ್ದೇಶಿಸಿ ರೂಪುಗೊಂಡದ್ದಲ್ಲ.

2021ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, 50 ವರ್ಷಕ್ಕಿಂತ ಹಳೆಯದಾಗಿದ್ದು ಮೂಲ ಸ್ವರೂಪದಲ್ಲಿ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. 1960ರ ದಶಕದ ಜಾವಾಗಳು ಈ ವಯೋಮಿತಿಯನ್ನು ದಾಟಿವೆ. ಆದ್ದರಿಂದ ಕ್ರ್ಯಾಂಕ್‌ಕೇಸ್ ಕೊರೆಯದೆ, ಮೂಲ ತಂತಿಮಾರ್ಗಗಳನ್ನು ಕೆಡಿಸದೆ, ಮುಂದೆ ಬೇಕಾದಾಗ ಹಿಂದಿನ ಸ್ಥಿತಿಗೆ ತರಬಹುದಾದ ಪರಿವರ್ತನೆಯೇ ಉತ್ತಮ. ತೆಗೆದ ಡೈನಮೊ, ರೆಗ್ಯುಲೇಟರ್ ಮತ್ತು ಕಾಯಿಲ್‌ಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ವಾಹನದ ದಾಖಲೆಗಳೊಂದಿಗೆ ಕಾದಿಡುವುದು ಸೂಕ್ತ.