ಹಲ್ಲಿನ ಕಂದು ಕಲೆಯ ಕಥೆ

ಪಾವಗಡದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡರೆ, ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಗದರುವವರುಂಟು. ತಪ್ಪು ಮಕ್ಕಳದಲ್ಲ, ನೀರಿನದು.

1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೆ ಇಂಥದೇ ಕಲೆ ಕಂಡರು. ಆ ಹಲ್ಲುಗಳಿಗೆ ಹುಳುಕು ಕಡಿಮೆಯೆಂಬುದೂ ಮುಂದೆ ಅವರ ಗಮನಕ್ಕೆ ಬಂತು. ಕಾರಣ ಫ್ಲೋರೈಡ್ ಎಂದು ತಿಳಿದದ್ದು 1931ರಲ್ಲಿ. 1937ರಲ್ಲಿ ನೆಲ್ಲೂರು ಸೀಮೆಯಿಂದಲೂ ಈ ಬಾಧೆಯ ವರದಿ ಬಂತು. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಅದೇ ಫ್ಲೋರೈಡನ್ನು ಅಳತೆಯಿಟ್ಟು ಕುಡಿಯುವ ನೀರಿಗೆ ಬೆರೆಸಿತು.

ಹಿತಮಿತವಾಗಿದ್ದರೆ ಹಲ್ಲಿನ ಹೊರಪದರ ಗಟ್ಟಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕಲೆಯ ಭಯ, ಇನ್ನೂ ಹೆಚ್ಚಾದರೆ ಮೂಳೆಗೂ ಕುತ್ತು. ಆ ಪದರ ರೂಪುಗೊಳ್ಳುವುದು ಬಹುಮಟ್ಟಿಗೆ ಎಂಟು ವರ್ಷದೊಳಗೆ. ಆಗ ಮೂಡಿದ ಕಲೆ ಉಜ್ಜಿದರೆ ಹೋಗದು.

ಶೆಟ್ಟಿಹಳ್ಳಿ ಸೇರಿದ ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ನದಿನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ; ಬಂಡೆಗಳ ನಡುವಿನ ಕೊಳವೆಬಾವಿಯಲ್ಲಿ ಹೆಚ್ಚಿರಬಹುದು. ಹಾಗಾಗಿ ಕೊಳವೆಬಾವಿ ನೀರು ಕುಡಿಸುವವರು ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕು. ಹುಳುಕು ತಡೆಯುವ ಫ್ಲೋರೈಡ್ ಲೇಪದ ಮಾತು ಆಮೇಲೆ. ಪೇಸ್ಟು ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಮಾತ್ರ ಉಳಿಯುತ್ತದೆ.